ಕಾಂಟೆಸ್ಸಾಗೆ ಐವತ್ತು ತುಂಬಲು ಬಿಡಿ ಸ್ವಾಮಿ!

"ಗುಜರಿ" ಅನ್ನುವ ಶಬ್ದ ನಮ್ಮ ಜನರ ಬಾಯಿಗೆ ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ಇಪ್ಪತ್ತು ವರ್ಷದ ಸ್ಕೂಟರು ಗುಜರಿ, ಅಪ್ಪನ ಕಾಲದ ಫ್ಯಾನು ಗುಜರಿ, ಮೂವತ್ತು ವರ್ಷದ ಕಾರಂತೂ ಮಹಾ ಗುಜರಿ. ನಮ್ಮ ಸನತ್‌ನಗರದಲ್ಲಿ ಬೆಳಿಗ್ಗೆ ಎಂಟಕ್ಕೆಲ್ಲ ಟ್ರಾಲಿ ಆಟೋದವನು ಮೈಕಿನಲ್ಲಿ "ಪಾತ ಇನುಪ ಸಾಮಾನ್‌ಲೂ ಕೊಂಟಾಂ" ಅಂತ ಕೂಗಿಸಿಕೊಂಡು ಬರುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅದು ಅವನ ಹೊಟ್ಟೆಪಾಡು. ಸಿಟ್ಟು ಇರುವುದು ಅದೇ ಕೂಗನ್ನು ಸೂಟುಬೂಟು ಹಾಕಿಕೊಂಡು, ಅಧಿಸೂಚನೆ ಹೊರಡಿಸಿ ಕೂಗುವವರ ಮೇಲೆ. ಅವರ ಜೊತೆ ದನಿಗೂಡಿಸುವ ನಮ್ಮಂಥ ಓದಿದ ಮಧ್ಯಮ ವರ್ಗದವರ ಮೇಲೆ ಇನ್ನೂ ಜಾಸ್ತಿ.

ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯಲ್ಲಿ, ನಮ್ಮ ಮನೆಯಿಂದ ನಾಲ್ಕನೇ ಗೇಟಿನ ಒಳಗೆ, ತಗಡಿನ ಶೆಡ್ಡಿನಲ್ಲಿ ಒಂದು ಕಾರಿದೆ. 1986ರ ಹಿಂದುಸ್ತಾನ್ ಕಾಂಟೆಸ್ಸಾ, ಬಿಳಿ ಬಣ್ಣ. ಯಜಮಾನರು ಆಲ್ವಿನ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರು. ಈ ಊರಿಗೆ ಹೊಸದಾಗಿ ಬಂದವರಿಗೆ ಆಲ್ವಿನ್ ಅಂದರೆ ಗೊತ್ತಾಗಲಿಕ್ಕಿಲ್ಲ. 1942ರಲ್ಲಿ ಶುರುವಾದ ಹೈದರಾಬಾದ್ ಆಲ್ವಿನ್ ಸನತ್‌ನಗರಕ್ಕೆ ಒಂದು ಕಾಲದಲ್ಲಿ ಉಸಿರಾಗಿತ್ತು. ಫ್ರಿಜ್ಜು, ಬಸ್ಸಿನ ಬಾಡಿ, ಆಮೇಲೆ ಕೈಗಡಿಯಾರ ಎಲ್ಲ ಮಾಡಿದರು. ತೊಂಬತ್ತರ ದಶಕದಲ್ಲಿ ಫ್ರಿಜ್ಜಿನ ವಿಭಾಗ ವೋಲ್ಟಾಸ್ ಪಾಲಾಯಿತು, ಉಳಿದದ್ದೂ ಹೋಯಿತು. ನಾನು ಬ್ಯಾಂಕಿನ ವರ್ಗಾವಣೆ ಮೇಲೆ ಹುಬ್ಬಳ್ಳಿಯಿಂದ ಇಲ್ಲಿಗೆ ಬಂದಾಗ ರಾಯರು ಸ್ವಯಂನಿವೃತ್ತಿ ತೆಗೆದುಕೊಂಡು ಮನೆಯಲ್ಲಿದ್ದರು. ಯಾವುದೋ ಸಿಮೆಂಟ್ ಏಜೆನ್ಸಿಯವರ ಹತ್ತಿರ ಎಂಟು ವರ್ಷ ಓಡಿದ್ದ ಈ ಕಾರನ್ನು 1994ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಅವತ್ತಿನಿಂದ ಇವತ್ತಿನವರೆಗೆ ಅದಕ್ಕೆ ಹಾಕಿದ ಪ್ರತಿ ಲೀಟರ್ ಪೆಟ್ರೋಲಿನ ಲೆಕ್ಕ ಮೂರು ನೋಟ್‌ಬುಕ್ಕಿನಲ್ಲಿದೆ. ನಾನು ಬಿಕಾಂ ಓದಿದವನು, ಮೂವತ್ತೈದು ವರ್ಷ ಲೆಡ್ಜರ್ ನೋಡಿದವನು. ಇಷ್ಟು ಚೊಕ್ಕ ಲೆಕ್ಕ ನಮ್ಮ ಬ್ರಾಂಚಿನಲ್ಲೂ ಕಂಡಿಲ್ಲ.

ಈಗ ರಾಯರಿಗೆ ಎಂಬತ್ತು ದಾಟಿದೆ. ಮೊಣಕಾಲು ಕ್ಲಚ್ ತುಳಿಯಲು ಒಪ್ಪುವುದಿಲ್ಲ. ಮಗ ಅಮೆರಿಕದಲ್ಲಿ. ಕಾರಿನ ನೋಂದಣಿ ನವೀಕರಣ ಈ 2026ರಲ್ಲಿ ಬಂದಿದೆ. ಸಂಕ್ರಾಂತಿಗೆ ಬಂದಿದ್ದ ಮಗ ನನ್ನ ಹತ್ತಿರ ಬಂದು, "ಅಂಕಲ್, ಮೀರು ಚೆಪ್ಪಂಡಿ ನಾನ್ನಕಿ, ಇದನ್ನ ಸ್ಕ್ರ್ಯಾಪ್‌ಗೆ ಕೊಟ್ಟುಬಿಡೋಣ" ಅಂದ. ಬ್ಯಾಂಕಿನವರು ಅಂದರೆ ಪ್ರಾಕ್ಟಿಕಲ್ ಮನುಷ್ಯ, ತನ್ನ ಪರವಾಗಿ ಮಾತಾಡುತ್ತಾನೆ ಅಂತ ಅವನ ಲೆಕ್ಕ. ನಾನು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಅನ್ನುವುದಕ್ಕೇ ಈ ಬರಹ.

ಮೊದಲು ಕಾರಿನ ಬಗ್ಗೆ ಸತ್ಯ ಹೇಳಿಬಿಡೋಣ, ಸುಮ್ಮನೆ ಹೊಗಳಿಕೆ ಬೇಡ. ಈಗಿನ ಹುಡುಗರು ಕಾಂಟೆಸ್ಸಾವನ್ನು "ಇಂಡಿಯನ್ ಮಸಲ್ ಕಾರ್" ಅನ್ನುತ್ತಾರೆ. ಎಲ್ಲಿಯ ಮಸಲ್ಲು ಮಾರಾಯರೆ! ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿ ಎಪ್ಪತ್ತರ ದಶಕದಲ್ಲಿ ಮಾಡಿ ನಿಲ್ಲಿಸಿದ ವಿಎಕ್ಸ್ ಎಂಬ ಕಾರಿನ ಅಚ್ಚುಗಳನ್ನು ಹಿಂದುಸ್ತಾನ್ ಮೋಟಾರ್ಸ್ ತಂದಿತು. ಬಂಗಾಳದ ಉತ್ತರಪಾಡಾ ಕಾರ್ಖಾನೆಯಲ್ಲಿ ಅದಕ್ಕೆ ಅಂಬಾಸಡರ್ ಕಾರಿನ 1489 ಸಿಸಿ ಎಂಜಿನ್ ಕೂರಿಸಿತು. 1984ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಸುಮಾರು 50 ಅಶ್ವಶಕ್ತಿ, ಅಷ್ಟೇ. ಆ ಉದ್ದನೆಯ ಬಾನೆಟ್ ಎತ್ತಿ ನೋಡಿದರೆ ಕಲ್ಯಾಣ ಮಂಟಪದ ಮಧ್ಯೆ ಒಂದೇ ಒಂದು ಕುರ್ಚಿ ಹಾಕಿದ ಹಾಗೆ ಎಂಜಿನ್ ಕೂತಿರುತ್ತದೆ. ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್, ಐದು ಗೇರು ಬಂದ ಮೇಲೆ ಕಾರಿಗೆ ತನ್ನ ಮೈಕಟ್ಟಿಗೆ ತಕ್ಕ ಕಸುವು ಬಂತು, 88 ಅಶ್ವಶಕ್ತಿಯ ಆಸುಪಾಸು. ಆದರೆ ಅದನ್ನೂ ಇವತ್ತಿನ ಸಾಧಾರಣ ಸಣ್ಣ ಕಾರೊಂದು ಫ್ಲೈಓವರ್ ಏರಿಕೆಯಲ್ಲಿ ಹಿಂದೆ ಹಾಕಿ ಹೋಗುತ್ತದೆ. 2002ಕ್ಕೆ ಕಾಂಟೆಸ್ಸಾ ಉತ್ಪಾದನೆ ನಿಂತಿತು.

ಹಾಗಾದರೆ ಅದರಲ್ಲಿ ಏನಿದೆ ಅಂತ ಕೇಳಬೇಕಾದರೆ ನೀವು ಎಂಬತ್ತರ ದಶಕದಲ್ಲಿ ಹದಿನೆಂಟು ವರ್ಷದವರಾಗಿರಬೇಕಿತ್ತು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಇವೆರಡು ಬಿಟ್ಟರೆ ರಸ್ತೆಯಲ್ಲಿ ಬೇರೆ ಮುಖವೇ ಇಲ್ಲದ ಕಾಲ. ಅಂಥದ್ದರಲ್ಲಿ ನಾಲ್ಕೈದು ವರ್ಷಗಳ ಒಳಗೆ ಏನೇನು ಬಂತು! 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಕೈ ಕೊಟ್ಟರು. 1984ಕ್ಕೆ ಕಾಂಟೆಸ್ಸಾ. 1985ಕ್ಕೆ ಪ್ರೀಮಿಯರ್ 118 ಎನ್‌ಇ, ಅಂದರೆ ಫಿಯೆಟ್ 124ರ ಮೈ, ನಿಸ್ಸಾನ್ ಎಂಜಿನ್. ಅದೇ ಹೊತ್ತಿಗೆ ಮದ್ರಾಸಿನಿಂದ ಸ್ಟಾಂಡರ್ಡ್ 2000 ಬಂತು, ರೋವರ್ ಕಾರಿನ ಸುಂದರ ಮೈಯೊಳಗೆ ಓಬೀರಾಯನ ಕಾಲದ ಎಂಜಿನ್ ಇಟ್ಟುಕೊಂಡು. ಅದು ಬಂದಷ್ಟೇ ಬೇಗ ಹೋಯಿತು. ಈ ಎಲ್ಲ ಕಾರುಗಳಲ್ಲಿ ಒಂದು ಆಸೆ ಕಾಣುತ್ತದೆ. ಕಾರು ಅಂದರೆ ಬರೀ ಊರಿಂದ ಊರಿಗೆ ಸಾಗಿಸುವ ಡಬ್ಬಿಯಲ್ಲ, ಓಡಿಸುವವನಿಗೆ ಖುಷಿ ಕೊಡಬೇಕು ಅನ್ನುವ ಆಸೆ. ಪರವಾನಗಿ ರಾಜ್ಯ, ವಿದೇಶಿ ವಿನಿಮಯದ ಬರ, ಹಳೇ ಎಂಜಿನ್ನು, ಇವುಗಳ ಮಧ್ಯೆ ನಮ್ಮ ದೇಶ ಚಂದದ ಕಾರು ಮಾಡಲು ಪಟ್ಟ ಪಾಡನ್ನು ನೋಡಬೇಕಾದರೆ ಆ ಶೆಡ್ಡಿನ ಬಾಗಿಲು ತೆಗೆಯಬೇಕು.

ನಾನು ರಾಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಗಾಗ ಭಾನುವಾರ ಬೆಳಿಗ್ಗೆ ಅದನ್ನು ಓಡಿಸುತ್ತೇನೆ. ಚೋಕ್ ಎಳೆದು ಸೆಲ್ಫ್ ಹೊಡೆದರೆ ಎರಡನೇ ಸಲಕ್ಕೆ ಹಿಡಿಯುತ್ತದೆ. ಅಂಬಾಸಡರ್‌ನಲ್ಲಿ ಸ್ಟೇರಿಂಗ್ ಪಕ್ಕ ಇದ್ದ ಗೇರು ಇದರಲ್ಲಿ ಕೆಳಗೆ, ಕೈಗೆ ಸರಿಯಾಗಿ ಸಿಗುವಂತಿದೆ. ಎರ್ರಗಡ್ಡದ ಸಂತೆಯ ನೂಕುನುಗ್ಗಲು ದಾಟುವ ತನಕ ಅದು ಎಮ್ಮೆ. ಆಮೇಲೆ ಖಾಲಿ ರಸ್ತೆ ಸಿಕ್ಕಿ ಅರವತ್ತಕ್ಕೆ ಬಂದ ಮೇಲೆ ಮುಂದಿನ ಬಾನೆಟ್ ನೋಡಿಕೊಂಡು, ಹಿಂದಿನ ಚಕ್ರ ತಳ್ಳುವುದು ಬೆನ್ನಿಗೆ ಗೊತ್ತಾಗುತ್ತಾ ಹೋಗುವ ಸುಖವೇ ಬೇರೆ. ಈಗಿನ ಕಾರಿನಲ್ಲಿ ಎಲ್ಲ ಇದೆ, ಆದರೆ ಕಾರು ಏನು ಮಾಡುತ್ತಿದೆ ಅಂತ ಕೈಗೆ ಗೊತ್ತಾಗುವುದಿಲ್ಲ. (ನನ್ನ ಮನೆಯವಳು ಇದನ್ನು ಓದಿದರೆ "ಮಂದಿ ಕಾರಿನ ಚಿಂತಿ ನಿಮಗ್ಯಾಕ್ರಿ?" ಅನ್ನುತ್ತಾಳೆ. ಇರಲಿ.)

ಈಗ ಸರ್ಕಾರದ ಲೆಕ್ಕ ನೋಡಿ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ರಾಯರು 2021ರಲ್ಲಿ ನವೀಕರಿಸಿದಾಗ ಕೇಂದ್ರದ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ ಇನ್ನೊಂದು ಅಧಿಸೂಚನೆ ಬಂದು, ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಅಂದರು. ಬೈಕಿಗೆ 2,000, ಆಮದು ಕಾರಿಗೆ 80,000. ಇದರ ಮೇಲೆ ರಾಜ್ಯದ ಹಸಿರು ತೆರಿಗೆ ಬೇರೆ, ಇನ್ಶೂರೆನ್ಸ್ ಬೇರೆ. ಐದು ವರ್ಷದಲ್ಲಿ 600 ಹೋಗಿ 10,000! ನಮ್ಮ ಬ್ಯಾಂಕು ಯಾವುದಾದರೂ ಸೇವಾ ಶುಲ್ಕವನ್ನು ಹೀಗೆ ಹದಿನಾರು ಪಟ್ಟು ಏರಿಸಿದ್ದರೆ ಗ್ರಾಹಕರು ನನ್ನನ್ನು ಕೌಂಟರಿನಿಂದ ಹೊರಗೆ ಎಳೆದು ಹಾಕುತ್ತಿದ್ದರು.

ದುಡ್ಡಿನ ಮಾತು ಹೋಗಲಿ, ಹತ್ತು ಸಾವಿರ ಕಟ್ಟುವುದು ರಾಯರಿಗೆ ಕಷ್ಟವಲ್ಲ. ನನ್ನ ತಕರಾರು ತರ್ಕದ್ದು. ಇದೇ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ನಿಯಮ ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು. ಛಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅಂಥದ್ದಕ್ಕೆ ಪ್ರತ್ಯೇಕ ನಂಬರು, "ವಿಎ" ಅಕ್ಷರ, ಪರಂಪರೆ ಅನ್ನುವ ಗೌರವ. ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನಕ್ಕೆ, ರ್‍ಯಾಲಿಗೆ ತರಬಹುದು. ಬಹಳ ಒಳ್ಳೆಯ ನಿಯಮ, ನನ್ನ ಪೂರ್ಣ ಬೆಂಬಲವಿದೆ. ಆದರೆ ಅದೇ 2021ರ ಮಾರ್ಚ್‌ನಲ್ಲಿ ಗುಜರಿ ನೀತಿಯನ್ನೂ ಸಂಸತ್ತಿನಲ್ಲಿ ಘೋಷಿಸಿದರು. ಹಳೆಯದನ್ನು ಕೊಡಿ, ಹೊಸ ಕಾರಿನ ಬೆಲೆಯ ಶೇಕಡಾ 4ರಿಂದ 6ರಷ್ಟು ಗುಜರಿ ಮೌಲ್ಯ ಸಿಗುತ್ತದೆ, ರಸ್ತೆ ತೆರಿಗೆಯಲ್ಲಿ ಶೇಕಡಾ 25ರವರೆಗೆ ರಿಯಾಯಿತಿ ಅಂತ ಆಮಿಷ ಇಟ್ಟರು. ಈಗ ನೀವೇ ಹೇಳಿ. ಇಪ್ಪತ್ತಕ್ಕೆ ಕೊಲ್ಲು ಅನ್ನುವುದೂ ಇವರೇ, ಐವತ್ತಕ್ಕೆ ಹಾರ ಹಾಕುತ್ತೇನೆ ಅನ್ನುವುದೂ ಇವರೇ. ಇಪ್ಪತ್ತರಿಂದ ನಲವತ್ತೊಂಬತ್ತರವರೆಗೆ ಆ ಕಾರು ಎಲ್ಲಿ ಬದುಕಿರಬೇಕು? ಆಕಾಶದಿಂದ ಇಳಿಯುತ್ತದೆಯೇ ಐವತ್ತು ವರ್ಷದ ಕಾರು? ರಾಯರ ಕಾಂಟೆಸ್ಸಾಗೆ ಐವತ್ತು ತುಂಬುವುದು 2036ಕ್ಕೆ. ಅಲ್ಲಿಯ ತನಕ ಅದು ಕಾನೂನಿನ ಕಣ್ಣಲ್ಲಿ ಬರೀ ಮುದಿ ಕಬ್ಬಿಣ.

ಈ ಕಾರಿನ ಮೂಲ ಇಂಗ್ಲೆಂಡಿನಲ್ಲಿ ನಲವತ್ತು ದಾಟಿದ ಕಾರಿಗೆ ರಸ್ತೆ ತೆರಿಗೆಯೇ ಇಲ್ಲ. ಜರ್ಮನಿಯವರು ಮೂವತ್ತು ವರ್ಷಕ್ಕೆ ನಂಬರ್ ಪ್ಲೇಟಿನ ಕೊನೆಯಲ್ಲಿ "ಎಚ್" ಅಕ್ಷರ ಕೊಡುತ್ತಾರೆ. ಆದರೆ ಸುಮ್ಮನೆ ಕೊಡುವುದಿಲ್ಲ. ಪರಿಣತ ಬಂದು ನೋಡಿ, ಮೂಲ ರೂಪದಲ್ಲಿದೆ, ಚೆನ್ನಾಗಿ ಇಟ್ಟಿದ್ದಾರೆ ಅಂತ ಬರೆದುಕೊಟ್ಟರೆ ಮಾತ್ರ. ಕಾರಿನ ವಯಸ್ಸಿಗಿಂತ ಕಾರಿನ ಸ್ಥಿತಿ ಮುಖ್ಯ ಅನ್ನುವುದು ಅವರಿಗೆ ಗೊತ್ತಿದೆ. ನಮ್ಮಲ್ಲಿ ಸಾಲ ಕೊಡುವಾಗ ನಾವು ಬ್ಯಾಂಕಿನವರು ಮಾಡುವುದೂ ಇದೇ ಅನ್ಯಾಯವೇ. ಸಾಲ ತೀರುವ ಹೊತ್ತಿಗೆ ಕಾರಿಗೆ ಎಂಟು ಹತ್ತು ವರ್ಷ ಮೀರಬಾರದು ಅಂತ ನಿಯಮ. ಕಾರನ್ನು ಕಣ್ಣೆತ್ತಿ ನೋಡುವವರಿಲ್ಲ, ಆರ್‌ಸಿ ಬುಕ್ಕಿನ ತಾರೀಕು ನೋಡುತ್ತಾರೆ.

ಬಿಕಾಂ ಮಾತು ಬಂತಲ್ಲ, ಒಂದು ಮಜಾ ಹೇಳುತ್ತೇನೆ. ಕಾರಿಗೆ ಆದಾಯ ತೆರಿಗೆಯಲ್ಲಿ ಸವಕಳಿ ಶೇಕಡಾ 15, ಅದೂ ಪ್ರತಿ ವರ್ಷ ಉಳಿದ ಮೌಲ್ಯದ ಮೇಲೆ. ಲಕ್ಷ ರೂಪಾಯಿಯ ಕಾರನ್ನು ಈ ದರದಲ್ಲಿ ನಲವತ್ತು ವರ್ಷ ಸವೆಸಿದರೆ ಪುಸ್ತಕದಲ್ಲಿ ಉಳಿಯುವುದು ಸುಮಾರು 150 ರೂಪಾಯಿ. ಸೊನ್ನೆ ಯಾವತ್ತೂ ಆಗುವುದಿಲ್ಲ, ಗಮನಿಸಿ! ಲೆಕ್ಕಶಾಸ್ತ್ರಕ್ಕೆ ಇರುವ ಮರ್ಯಾದೆ ಕೂಡ ನಮ್ಮ ಸಾರಿಗೆ ನೀತಿಗೆ ಇಲ್ಲ.

ಇನ್ನೊಂದು ಕಡೆಯವರು ಇದ್ದಾರೆ. ಅವರಿಗೂ ಎರಡು ಮಾತು ಹೇಳಲೇಬೇಕು. ಕಾರು ಮಾರಾಟಕ್ಕಿದೆ ಅಂತ ಹೇಗೋ ಸುದ್ದಿ ಹರಡಿ ಮೋತಿನಗರದ ಕಡೆಯ ಒಬ್ಬ ಹುಡುಗ ಬಂದ. ಒಳ್ಳೆಯ ಹುಡುಗ, ಐಟಿ ಕೆಲಸ, ಕೈಯಲ್ಲಿ ದುಡ್ಡಿದೆ. ಎರಡು ಲಕ್ಷ ಕೊಡುತ್ತೇನೆ ಅಂದ. ರಾಯರ ಮುಖ ಅರಳಿತು. ಆಮೇಲೆ ಅವನ ಪ್ಲಾನು ಹೊರಬಂತು. ಮಿರುಗು ಇಲ್ಲದ ಕಪ್ಪು ಬಣ್ಣ, ದೊಡ್ಡ ಅಲಾಯ್ ಚಕ್ರ, ಎಂಜಿನ್ ಕಿತ್ತು ಯಾವುದೋ ಜಪಾನಿ ಎಂಜಿನ್ನು, ಒಳಗೆ ಕೆಂಪು ಸೀಟು. "ಅಂಕಲ್, ಈ ಎಂಜಿನ್ ಬಹಳ ಸ್ಲೋ, ಇದನ್ನಿಟ್ಟುಕೊಂಡು ಏನು ಮಾಡೋದು?" ಅಂತ ಕೇಳಿದ.

ಇದೇ ಪ್ರಶ್ನೆಯನ್ನು ಎಲ್ಲರೂ ಕೇಳಿದ್ದರಿಂದಲೇ ಅಲ್ಲವೇ ಈಗ ಆ ಎಂಜಿನ್ ಇರುವ ಕಾಂಟೆಸ್ಸಾ ಕಣ್ಣಿಗೆ ಬೀಳದೇ ಇರುವುದು? ತೊಂಬತ್ತರ ದಶಕದಲ್ಲಿ ಹಳೇ 1.5 ಕಾಂಟೆಸ್ಸಾಗಳಿಗೆ ಜನ ಸಿಕ್ಕ ಸಿಕ್ಕ ಎಂಜಿನ್ ಹಾಕಿಸಿದರು, ಬಹಳಷ್ಟಕ್ಕೆ ಡೀಸೆಲ್ ಬಿತ್ತು, ಕೆಲವಕ್ಕೆ ಗ್ಯಾಸ್. ಉತ್ತರಪಾಡಾದಿಂದ ಹೊರಟಾಗ ಹೇಗಿತ್ತೋ ಹಾಗೇ, ಅದೇ ನಿಧಾನದ ಎಂಜಿನ್, ಅದೇ ನಾಲ್ಕು ಗೇರು, ಅದೇ ಸೀಟಿನ ಬಟ್ಟೆ ಇರುವ ಕಾರು ಅಂದರೆ ಅದು ದಾಖಲೆ. ಹಳೇ ಶಾಸನದ ಕಲ್ಲು ಸಿಕ್ಕರೆ ಅಕ್ಷರ ಸವೆದಿದೆ ಅಂತ ಉಳಿ ತೆಗೆದುಕೊಂಡು ಹೊಸದಾಗಿ ಕೆತ್ತುತ್ತೀರಾ? ಹೊಸ ಎಂಜಿನ್ನಿನ ಶಕ್ತಿ ಬೇಕಿದ್ದರೆ ಹೊಸ ಕಾರು ತೆಗೆದುಕೊಳ್ಳಿ, ಶೋರೂಮಿನಲ್ಲಿ ಸಾಲುಗಟ್ಟಿ ನಿಂತಿವೆ. ಸಾಲವನ್ನು ನಾನೇ ಮಾಡಿಸಿಕೊಡುತ್ತೇನೆ! ಅಂದಹಾಗೆ, ತಯಾರಕರು ಕೊಟ್ಟ ವಿನ್ಯಾಸವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಇದನ್ನು ಹೇಳಿದಾಗ ಹುಡುಗ ನಕ್ಕ. "ಎಲ್ಲ ಸೆಟಲ್ ಆಗುತ್ತೆ ಅಂಕಲ್" ಅಂದ. ರಾಯರು ಒಳಗೆ ಹೋಗಿ ಕೀಲಿಕೈ ಬೀರುವಿನಲ್ಲಿ ಇಟ್ಟು ಬಂದರು, ಅಲ್ಲಿಗೆ ಮಾತು ಮುಗಿಯಿತು. ನಿಜ ಹೇಳಬೇಕೆಂದರೆ ಗುಜರಿಯವನಿಗಿಂತ ಈ ಹುಡುಗನೇ ವಾಸಿ, ಕಾರನ್ನು ಕಂಡು ಅವನ ಕಣ್ಣಾದರೂ ಮಿನುಗಿತು. ಆದರೆ ಪ್ರೀತಿಯಿಂದ ಕೆಡಿಸಿದರೂ ಕೆಟ್ಟದ್ದು ಕೆಟ್ಟದ್ದೇ.

ಹೊಸ ಬಣ್ಣ ಹೊಡೆಸಿ ಫಳಫಳ ಮಾಡುವವರ ಬಗ್ಗೆಯೂ ನನಗೆ ಅನುಮಾನವೇ. ಹಳೇ ಕಾರು ನೋಡಲು ಹೋದವರು ಬಣ್ಣ ನೋಡಿ ಮರುಳಾಗಬಾರದು. ಟಿಂಕರಿಂಗ್‌ನವನು ಪುಟ್ಟಿ ತುಂಬಿ ಬಣ್ಣ ಹೊಡೆದರೆ ಒಳಗಿನ ತುಕ್ಕು ಎರಡು ಮಳೆಗಾಲ ಮುಚ್ಚಿಕೊಂಡಿರುತ್ತದೆ, ಅಷ್ಟೇ. ಬಾಗಿಲಿಗೂ ಕಂಬಕ್ಕೂ ನಡುವಿನ ಸಂದು ಮೇಲಿಂದ ಕೆಳಗಿನ ತನಕ ಒಂದೇ ಸಮ ಇದೆಯೇ ನೋಡಿ. ಕಾರ್ಪೆಟ್ ಎತ್ತಿ ನೆಲ ನೋಡಿ. ಜಾಕ್ ಕೊಡುವ ಜಾಗವನ್ನು ಬೆರಳಿನಿಂದ ಒತ್ತಿ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ನೀರು ನಿಂತ ಗುರುತು ಇದೆಯೇ ನೋಡಿ. ಗಾಜಿನ ಸುತ್ತಲ ರಬ್ಬರ್ ಬೀಡಿಂಗ್ ಒಡೆದಿದ್ದರೆ ಅಲ್ಲಿಂದಲೇ ನೀರು ಇಳಿದು ಕಾರು ಕೊಳೆಯುವುದು. ಎಂಜಿನ್ ನಂಬರು, ಛಾಸಿ ನಂಬರು ಆರ್‌ಸಿಗೆ ತಾಳೆಯಾಗಬೇಕು. ಎಂಜಿನ್ನನ್ನು ಯಾವಾಗ ಬೇಕಾದರೂ ಬಿಚ್ಚಿ ಕಟ್ಟಬಹುದು, ಅಂಬಾಸಡರ್ ಪುಣ್ಯದಿಂದ ಬಿಡಿಭಾಗ ಸಿಕಂದರಾಬಾದಿನ ರಾಣಿಗಂಜಿನಲ್ಲೋ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಹುಡುಕಿದರೆ ಸಿಗುತ್ತವೆ. ಕಾಂಟೆಸ್ಸಾದ ಗಾಜು, ಬೀಡಿಂಗ್, ದೀಪ, ಬಂಪರ್ ಸಿಗುವುದು ಕಷ್ಟ. ರಾಯರ ಕಾರಿನಲ್ಲಿ ಇವೆಲ್ಲ ಮೂಲದ್ದೇ. ಎಡ ಬಾಗಿಲಲ್ಲಿ ಒಂದು ಗೀರಿದೆ, 1997ರಲ್ಲಿ ಹಾಲಿನವನ ಸೈಕಲ್ ತಾಗಿದ್ದು. ಬಣ್ಣ ಹೊಡೆಸಿಲ್ಲ. ಯಾಕೆ ಅಂದರೆ "ಒಂದು ಬಾಗಿಲಿಗೆ ಹೊಡೆಸಿದರೆ ಉಳಿದ ಮೂರು ಬಾಗಿಲು ಹಳೇದಾಗಿ ಕಾಣ್ತಾವೆ" ಅನ್ನುತ್ತಾರೆ. ಎಂಜಿನಿಯರ್ ಅಂದರೆ ಹೀಗಿರಬೇಕು. ನಮ್ಮ ದಖನಿನ ಒಣ ಹವೆಯೂ ಸಹಾಯ ಮಾಡಿದೆ ಅನ್ನಿ. ಇದೇ ಕಾರು ಮಂಗಳೂರಿನಲ್ಲಿದ್ದಿದ್ದರೆ ಉಪ್ಪುಗಾಳಿಗೆ ಯಾವತ್ತೋ ಜರಡಿಯಾಗುತ್ತಿತ್ತು.

ಹೊಗೆಯ ಮಾತಿಗೆ ಬರಲೇಬೇಕು. ತಪ್ಪಿಸಿಕೊಂಡರೆ ಅದು ಮೋಸ. ಹೌದು, ಈ ಕಾರಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ, ಕಾರ್ಬೊರೇಟರ್ ಕಾಲದ್ದು. ಭಾರತ್ ಸ್ಟೇಜ್ ಬರುವ ಮೊದಲಿನ ಇಂಥ ಪೆಟ್ರೋಲ್ ಕಾರಿನ ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡಾ 3ರವರೆಗೆ ಇರಬಹುದು, ಬಿಎಸ್-4 ಕಾರಿಗೆ 0.3 ಮಾತ್ರ. ಹತ್ತು ಪಟ್ಟು ವ್ಯತ್ಯಾಸ. ಆದ್ದರಿಂದ ಇಂಥ ಕಾರಿನಲ್ಲಿ ದಿನಾ ಹೈಟೆಕ್ ಸಿಟಿಗೆ ಆಫೀಸಿಗೆ ಹೋಗುತ್ತೇನೆ ಅಂತ ಯಾರಾದರೂ ಅಂದರೆ ನಾನೇ ಬೇಡ ಅನ್ನುತ್ತೇನೆ. ಆದರೆ ನೋಟ್‌ಬುಕ್ಕಿನ ಪ್ರಕಾರ ಕಳೆದ ವರ್ಷ ಇದು ಓಡಿದ್ದು 640 ಕಿಲೋಮೀಟರು. ನಮ್ಮ ಬೀದಿ ತುದಿಯಲ್ಲಿ ನಿಲ್ಲುವ ಟ್ಯಾಕ್ಸಿ ಅಷ್ಟನ್ನು ಮೂರ್ನಾಲ್ಕು ದಿನದಲ್ಲಿ ಓಡಿ ಮುಗಿಸುತ್ತದೆ. ಹೊಗೆ ತೆರಿಗೆ ಹಾಕುವುದಾದರೆ ಹೊಗೆಯ ಮೇಲೆ ಹಾಕಿ, ಕಿಲೋಮೀಟರಿನ ಮೇಲೆ ಹಾಕಿ. ಹುಟ್ಟಿದ ತಾರೀಕಿನ ಮೇಲೆ ಹಾಕುವುದು ಯಾವ ನ್ಯಾಯ? ದೆಹಲಿಯ ಗಾಳಿಯ ಕಥೆ ಬೇರೆ, ಅಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು ಹದಿನೈದು ವರ್ಷದ ಪೆಟ್ರೋಲ್ ಗಾಡಿ, ಹತ್ತು ವರ್ಷದ ಡೀಸೆಲ್ ಗಾಡಿ ಓಡಬಾರದು ಅಂದಿತ್ತು. ಅದನ್ನೇ ಅಳತೆಗೋಲು ಮಾಡಿಕೊಂಡು ಹೈದರಾಬಾದ್, ಹುಬ್ಬಳ್ಳಿಗಳನ್ನೂ ಅಳೆಯುವುದು ಬೇಡ.

ಇನ್ನು ಪೆಟ್ರೋಲು. 2000ದಲ್ಲಿ ಸೀಸ ಹಾಕಿದ ಪೆಟ್ರೋಲ್ ನಿಂತಿತು. ಒಳ್ಳೆಯದೇ ಆಯಿತು, ಮಕ್ಕಳ ಮಿದುಳಿಗಿಂತ ನಮ್ಮ ವಾಲ್ವ್ ದೊಡ್ಡದಲ್ಲ. ಈಗ ಶೇಕಡಾ 20 ಎಥೆನಾಲ್. ಅದು ನೀರಿನಂಶ ಎಳೆದುಕೊಳ್ಳುತ್ತದೆ, ನಿಂತೇ ಇರುವ ಕಾರಿನ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ, ಎಂಬತ್ತರ ದಶಕದ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ರಾಯರು ಕಳೆದ ವರ್ಷ ಪೈಪುಗಳನ್ನೆಲ್ಲ ಬದಲಿಸಿದರು. ಹಳೇ ಕಾರಿನವರಿಗೆ ಎಥೆನಾಲ್ ಇಲ್ಲದ ಪೆಟ್ರೋಲ್ ಸುಲಭವಾಗಿ ಸಿಗುವ ಹಾಗೆ ಮಾಡಿ ಅಂದರೆ ಕೇಳುವವರಾರು.

ಅರಸರ ಕಾರುಗಳಿಗೆ ಮಾತ್ರ ಈ ಕಷ್ಟಗಳಿಲ್ಲ. ಚೌಮಹಲ್ಲಾ ಅರಮನೆಗೆ ಹೋಗಿ ನೋಡಿ, ನಿಜಾಮರ 1912ರ ಹಳದಿ ರೋಲ್ಸ್ ರಾಯ್ಸ್ ಇದೆ. ಓಡಿದ್ದು ಕೆಲವೇ ನೂರು ಮೈಲಿ. ನಾವು ಟಿಕೆಟ್ ತೆಗೆದುಕೊಂಡು ನೋಡುತ್ತೇವೆ, ಫೋಟೋ ಹೊಡೆಸಿಕೊಳ್ಳುತ್ತೇವೆ. ಸಂತೋಷ. ಆದರೆ ಪಿಎಫ್ ದುಡ್ಡಿನಲ್ಲಿ ಕೊಂಡ, ಹೆಂಡತಿ ಮಕ್ಕಳನ್ನು ತಿರುಪತಿಗೆ ಕರೆದುಕೊಂಡು ಹೋದ ಕಾರಿಗೆ ಚರಿತ್ರೆಯಲ್ಲಿ ಜಾಗವಿಲ್ಲವೇ? ನಮ್ಮ ಧರ್ಮಸ್ಥಳದಲ್ಲಿ ಹೆಗ್ಗಡೆಯವರು ಹಳೇ ಕಾರುಗಳನ್ನು ಕೂಡಿಸಿಟ್ಟಿದ್ದಾರೆ, ಮೈಸೂರಿನ ದಾರಿಯಲ್ಲಿ "ಪಯಣ" ಅಂತ ಸಂಗ್ರಹಾಲಯವನ್ನೂ ಮಾಡಿದ್ದಾರೆ. ಒಬ್ಬರೇ ಎಷ್ಟು ಅಂತ ಮಾಡಲು ಸಾಧ್ಯ?

ಕಳೆದುಕೊಂಡರೆ ಹೇಗಿರುತ್ತದೆ ಅನ್ನುವುದು ಕನ್ನಡಿಗರಿಗೆ ಗೊತ್ತಿರಬೇಕು. ಎಂಬತ್ತರ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲೇ ಒಂದು ಸ್ಪೋರ್ಟಿ ಕಾರು ತಯಾರಾಗುತ್ತಿತ್ತು ಅಂದರೆ ಈಗಿನ ಬೆಂಗಳೂರಿನ ಹುಡುಗರು ನಂಬುವುದಿಲ್ಲ. ಸಿಪಾನಿ ಕಂಪನಿಯ ಡಾಲ್ಫಿನ್, 1982ರದ್ದು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ವಿನ್ಯಾಸ, ಫೈಬರ್ ಗ್ಲಾಸಿನ ಮೈ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಎರಡೇ ಬಾಗಿಲು. ಹಗುರ ಅಂದರೆ ಹಗುರ, ಹಿಂದಿನ ಚಕ್ರಕ್ಕೆ ಶಕ್ತಿ. ರ್‍ಯಾಲಿಗಳಲ್ಲಿ ದೊಡ್ಡ ಕಾರುಗಳಿಗೆ ನೀರು ಕುಡಿಸಿದ್ದು ಇದೇ. ಆದರೆ ಮರುವರ್ಷವೇ ಮಾರುತಿ ಬಂತು, ಡಾಲ್ಫಿನ್ ಮೂಲೆ ಸೇರಿತು. ಹಳೇದಾದ ಮೇಲೆ "ಪ್ಲಾಸ್ಟಿಕ್ ಡಬ್ಬಿ" ಅಂತ ಹಂಗಿಸಿ ಎಸೆದೆವು. ತುಕ್ಕೇ ಹಿಡಿಯದ ಮೈ ಇದ್ದ ಕಾರನ್ನೂ ಉಳಿಸಿಕೊಳ್ಳಲಿಲ್ಲ ನಾವು! ಇವತ್ತು ಒಂದು ಒಳ್ಳೇ ಡಾಲ್ಫಿನ್ ತೋರಿಸಿ ಅಂದರೆ ಎಲ್ಲಿ ಹುಡುಕುತ್ತೀರಿ? ಮೈಸೂರಿನ ಯೆಜ್ಡಿಯ ಕಥೆ ನೋಡಿ. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಬೈಕುಗಳು ಸಾಯಲಿಲ್ಲ, ಯಾಕೆಂದರೆ ಸಾಮಾನ್ಯ ಜನ, ಮೆಕ್ಯಾನಿಕ್ಕುಗಳು, ಮೇಷ್ಟ್ರುಗಳು, ರೈತರು ಬಿಡಲಿಲ್ಲ. ಇವತ್ತಿಗೂ ಜುಲೈ ತಿಂಗಳ ಭಾನುವಾರ ಬೆಂಗಳೂರಿನಲ್ಲಿ ಅವು ಸಾಲಾಗಿ ಹೊಗೆಯಾಡಿಸುತ್ತಾ ಬರುತ್ತವೆ. ಅವನ್ನು ಯಾವ ಸರ್ಕಾರವೂ ಉಳಿಸಲಿಲ್ಲ.

ಹಾಗಾದರೆ ನಾನು ಕೇಳುವುದೇನು? ದೊಡ್ಡದೇನಲ್ಲ. ಮೂವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗೆ ಒಂದು ನಡುವಿನ ವರ್ಗ ಮಾಡಿ. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರಿನ ಮಿತಿ ಹಾಕಿ, ಮೀಟರ್ ನೋಡಿ. ಬ್ರೇಕು, ಸ್ಟೇರಿಂಗು, ಹೊಗೆ ಪ್ರತಿ ವರ್ಷ ಕಟ್ಟುನಿಟ್ಟಾಗಿ ತಪಾಸಣೆ ಮಾಡಿ, ಫೇಲಾದರೆ ಮನೆಗೆ ಕಳಿಸಿ. ನವೀಕರಣದ ಶುಲ್ಕ ಐದು ಸಾವಿರ ಇಡಿ, ಕೊಡುತ್ತೇವೆ. ಆದರೆ ಸ್ಥಿತಿ ನೋಡಿ ತೀರ್ಮಾನ ಮಾಡಿ. ರಾಯರ ಕಾರನ್ನು ಒಂದು ಕಚೇರಿಗೆ ತೋರಿಸಲು ಹೋದಾಗ ಅಲ್ಲಿಯವರು ಬಾನೆಟ್ ಕೂಡ ಎತ್ತಿಸದೆ "ಇಂಕಾ ಎಂದುಕು ಸಾರ್ ಇದಿ?" ಅಂತ ಕೇಳಿ ಕಳಿಸಿದರು. ಮೂವತ್ತಕ್ಕೂ ಹೆಚ್ಚು ವರ್ಷ ಒಂದು ಯಂತ್ರವನ್ನು ಸುಸ್ಥಿತಿಯಲ್ಲಿ ಇಟ್ಟ ಮನುಷ್ಯನಿಗೆ ಕೇಳುವ ಪ್ರಶ್ನೆಯೇ ಇದು?

ಆ ಕಾರಿನ ನಂಬರ್ ಪ್ಲೇಟು ಇನ್ನೂ ಹಳೇ ಮಾದರಿಯದು. ಎಪಿ-09 ಬರುವುದಕ್ಕೂ ಮುಂಚಿನದು. ಆಮೇಲೆ ಎಪಿ ಹೋಗಿ 2014ರಲ್ಲಿ ಟಿಎಸ್ ಬಂತು, 2024ರಲ್ಲಿ ಟಿಜಿ ಬಂತು. ಕಾರು ನಿಂತಲ್ಲೇ ನಿಂತಿದೆ, ಸುತ್ತ ರಾಜ್ಯವೇ ಬದಲಾಗಿದೆ. ನನ್ನಂಥ ವಲಸೆ ಬಂದವನಿಗೆ ಅದರ ಮೇಲೆ ಸ್ವಲ್ಪ ಹೆಚ್ಚೇ ಮೋಹ ಇರುವುದು ಸಹಜ ಅಂತ ಕಾಣುತ್ತದೆ.

ಹೊರನಾಡಿನಲ್ಲಿ ಕೂತು ಇದನ್ನು ಓದುತ್ತಿರುವ ನಿಮಗೆ ಒಂದು ಕೆಲಸ ಹೇಳುತ್ತೇನೆ. ನಮ್ಮಲ್ಲಿ ಎಷ್ಟೋ ಜನರ ಅಪ್ಪಂದಿರ ಕಾರು, ಸ್ಕೂಟರು ಊರಿನ ಕೊಟ್ಟಿಗೆಯಲ್ಲೋ ಹಿತ್ತಲಿನ ಶೆಡ್ಡಿನಲ್ಲೋ ತಾಡಪಾಲು ಹೊದ್ದುಕೊಂಡು ಬಿದ್ದಿವೆ. ನಾವಿಲ್ಲಿ ಫೋನಿನಲ್ಲೇ "ಯಾರಿಗಾದರೂ ಕೊಟ್ಟುಬಿಡ್ರಿ" ಅಂದುಬಿಡುತ್ತೇವೆ, ಅಲ್ಲಿ ತೂಕದ ಲೆಕ್ಕದಲ್ಲಿ ಹೋಗುತ್ತದೆ. ಈ ಸಲ ಊರಿಗೆ ಹೋದಾಗ ತಾಡಪಾಲು ತೆಗೆಯಿರಿ, ಪ್ಲಾಸ್ಟಿಕ್ಕಾದರೆ ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ, ಬಟ್ಟೆಯದು ಹಾಕಿ. ಟ್ಯಾಂಕಿನ ಹಳೇ ಪೆಟ್ರೋಲ್ ಇಳಿಸಿ. ಬ್ಯಾಟರಿ ತೆಗೆದಿಡಿ. ಟೈರು ನೆಲಕ್ಕೆ ಅಂಟದ ಹಾಗೆ ನಾಲ್ಕೂ ಕಡೆ ಕಲ್ಲು ಕೊಟ್ಟು ಎತ್ತಿ ನಿಲ್ಲಿಸಿ. ಇಲಿ ವೈರು ಕಡಿಯದ ಹಾಗೆ ನೋಡಿಕೊಳ್ಳಲು ಯಾರಿಗಾದರೂ ಹೇಳಿ. ಎಲ್ಲಕ್ಕಿಂತ ಮೊದಲು ಅಪ್ಪನ ಕಪಾಟಿನಲ್ಲಿ ಆರ್‌ಸಿ ಬುಕ್ಕು ಹುಡುಕಿ, ನೋಂದಣಿ ಯಾವ ತಾರೀಕಿನವರೆಗೆ ಇದೆ ಅಂತ ಬರೆದುಕೊಳ್ಳಿ. ಅಪ್ಪ ತೀರಿಕೊಂಡಿದ್ದರೆ ಹೆಸರು ವರ್ಗಾವಣೆ ಅಮ್ಮನ ಸಹಿ ಇರುವಾಗಲೇ ಮಾಡಿಸಿಬಿಡಿ. ಆಮೇಲೆ ವಾರಸುದಾರರ ಕಾಗದಕ್ಕೆ ಓಡಾಡುವುದು ಎಷ್ಟು ಕಷ್ಟ ಅಂತ ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ನೋಡಿದ್ದೇನೆ.